ಆಚೆ ದಡದ ನಂಬರ್

ಮೇದಪ್ಪಣ್ಣ ಮೊಬೈಲಿನಲ್ಲಿ ಮಾತಾಡುದು ಅಂದ್ರೆ ಅರ್ಧ ಊರಿಗೆ ಕೇಳುದು. ಮನುಷ್ಯ ಕಿವುಡ ಅಲ್ಲ ಮಾರಾಯ್ರೆ. ಜೀವಮಾನ ಇಡೀ ಹೊಳೆಯ ಈಚೆ ದಡದಲ್ಲಿ ನಿಂತು ಆಚೆ ದಡದವರ ಹತ್ರ ಮಾತಾಡಿ ಮಾತಾಡಿ ಆದ ಗಂಟಲು ಅದು. ಮೊಬೈಲ್ ಕಿವಿಗೆ ಹಿಡಿದ್ರೂ ಅವರ ಲೆಕ್ಕದಲ್ಲಿ ನಡುವೆ ಒಂದು ಹೊಳೆ ಇದ್ದೇ ಇರ್ತದೆ.

ಹೊಳೆ ಅಂದ್ರೆ ಭಾರೀ ದೊಡ್ಡದೇನಲ್ಲ. ಇಚಿಲಂಪಾಡಿಯಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಹೊಳೆ. ಮಳೆಗಾಲದಲ್ಲಿ ಹತ್ರ ಹೋಗ್ಲಿಕ್ಕೆ ಇಲ್ಲ, ಬೇಸಿಗೆಯಲ್ಲಿ ಹುಡುಕಿದ್ರೂ ನೀರಿಲ್ಲ. ಅದಕ್ಕೇ ಕಟ್ಟ. ಮಳೆ ಹೋಗಿ ನೀರು ಇಳೀತಾ ಬಂದ ಹಾಗೆ ಹೊಳೆಗೆ ಅಡ್ಡ ಕಲ್ಲು, ಮಣ್ಣು, ಮರಳಿನ ಚೀಲ ಎಲ್ಲ ಪೇರಿಸಿ ನೀರು ನಿಲ್ಲಿಸುದು. ಹೊಳೆಯಲ್ಲಿ ನೀರು ನಿಂತರೆ ಎರಡೂ ಬದಿಯ ಬಾವಿಗಳಲ್ಲಿ ಒರತೆ. ಮೊದಲ ದೊಡ್ಡ ಮಳೆಗೆ ಕಟ್ಟ ಒಡೆದು ಹೋಗ್ತದೆ. ಮತ್ತೆ ಬರುವ ವರ್ಷ ಹೊಸತು. ಒಬ್ಬ ಮಾಡುವ ಕೆಲಸ ಅಲ್ಲ ಅದು. ಎರಡು ದಡದ ಎಲ್ಲ ಮನೆಯವರೂ ಬೇಕು.

ಅದಕ್ಕೆ ಮೊದಲು ಮನೆ ಕರೆಯುದು ಅಂತ ಒಂದುಂಟು. ಮೇದಪ್ಪಣ್ಣ ಈಚೆ ದಡದಲ್ಲಿ ನಿಂತು ಒಂದೊಂದು ಮನೆಯ ಹೆಸರು ಕೂಗುದು. "ನೂಜೀ..." ಅಂದ್ರೆ ನೂಜಿಯವರು "ಉಂಟು" ಅನ್ನುದು. "ಅಗರೀ..." "ಉಂಟು." ಉಂಟು ಅಂದ್ರೆ ಜನ ಕೊಡ್ತೇವೆ, ಜಾಗ ಕೊಡ್ತೇವೆ, ಒಟ್ಟಿಗೆ ಇದ್ದೇವೆ ಅಂತ. ಒಂದೇ ಒಂದು ಮನೆ ಸುಮ್ಮನಿದ್ರೂ ಆ ದಿನ ಯಾರೂ ಕಲ್ಲು ಮುಟ್ಟುವ ಹಾಗಿಲ್ಲ. ಮೇದಪ್ಪಣ್ಣನ ಸ್ವಂತ ಮನೆ ಕುಂಟಿಕಾನ. ಅದೊಂದು ಹೆಸರನ್ನು ಮಾತ್ರ ಅವರು ಕರೆಯುವ ಕ್ರಮ ಇರಲಿಲ್ಲ. ಅದನ್ನು ಎಲ್ಲ ಮುಗಿದ ಮೇಲೆ ಆಚೆ ದಡದಿಂದ ಅಬೂಬಕರ್ ಕರೆಯುದು.

"ಕೇಳುದೂ ನೀವೇ, ಹೇಳುದೂ ನೀವೇ ಆದ್ರೆ ಅದಕ್ಕೆ ಸಾಕ್ಷಿ ಯಾರು ಮೇದಪ್ಪಣ್ಣ?" ಅಂತ ಅಬೂಬಕರ್ ಹರೆಯದಲ್ಲೇ ಒಮ್ಮೆ ಕೇಳಿದ್ದ. ಅಲ್ಲಿಂದ ಹಾಗೆಯೇ ನಡೀತಾ ಬಂತು.

ಅಬೂಬಕರನ ಮನೆ ಪೊಯ್ಯೆಗುಡ್ಡೆ, ಹೊಳೆ ದಾಟಿದ ಕೂಡ್ಲೇ ಸಿಗುದು. ಕಟ್ಟದ ಆಚೆ ತಲೆ ಸಿಕ್ಕಿಸುದು ಅವನ ಜಾಗಕ್ಕೆ, ಈಚೆ ತಲೆ ಮೇದಪ್ಪಣ್ಣನ ಜಾಗಕ್ಕೆ. ಬೇಕಾದ್ರೆ ಹೀಗೆ ಹೇಳಿ, ಒಂದೇ ಕಟ್ಟವನ್ನು ಇಬ್ಬರು ಎರಡು ಬದಿಯಿಂದ ಹಿಡಿದುಕೊಂಡದ್ದು.

ಈ ಮೊಬೈಲಿನ ವಿಷಯ ತಂದದ್ದೂ ಅಬೂಬಕರನೇ. ಅರ್ಧ ಜನ ಗಲ್ಫಿಗೆ ಹೋದ್ರು, ಕೆಲವರು ಪುತ್ತೂರಿನಲ್ಲಿ ಮನೆ ಮಾಡಿದ್ರು, ಹೊಳೆ ಬದಿಗೆ ಬಂದು ನಿಲ್ಲುವವರು ಕಡಿಮೆ ಆದ್ರು. ಆಗ ಅವನು ಮೊಬೈಲಿನಲ್ಲಿ "ಕಟ್ಟ" ಅಂತ ಹೆಸರಿಟ್ಟು ಒಂದು ಗ್ರೂಪ್ ಮಾಡಿದ.

ಮೇದಪ್ಪಣ್ಣನಿಗೆ ಸಿಟ್ಟು ಬಂತು. "ಹೊಳೆ ಬದಿಗೆ ಬಂದು ನಿಲ್ಲದವನಿಗೆ ಹೊಳೆಯ ನೀರು ಯಾಕಾ?"

"ನಿಮ್ಮ ಗಂಟಲು ಬಿದ್ದುಹೋದ ದಿವಸ ಗೊತ್ತಾಗ್ತದೆ ಯಾಕೆ ಅಂತ. ತಕೊಳ್ಳಿ, ನಿಮ್ಮನ್ನೇ ಅಡ್ಮಿನ್ ಮಾಡಿದ್ದೇನೆ."

"ಅಡ್ಮಿನ್ ಅಂದ್ರೆ ಎಂತ?"

"ಬೇಡದವರನ್ನು ತೆಗೆದು ಹೊರಗೆ ಹಾಕುವ ಅಧಿಕಾರ."

"ಹಾಗಾದ್ರೆ ಮೊದಲು ನಿನ್ನನ್ನೇ ಹಾಕ್ತೇನೆ ಮಾರಾಯ."

ಇಬ್ಬರೂ ನಕ್ಕದ್ದು ಹೊಳೆಯ ಎರಡೂ ಬದಿಗೆ ಕೇಳಿತ್ತು.

ಆ ಅಬೂಬಕರ್ ಈ ವರ್ಷ ನವರಾತ್ರಿಯ ಸಮಯಕ್ಕೆ ತೀರಿಹೋದ. ಎದೆನೋವು ಅಂದ. ಪುತ್ತೂರಿನ ಆಸ್ಪತ್ರೆಗೆ ಅಂತ ಹೊರಡಿಸಿದ್ರು, ಆಲಂಕಾರು ದಾಟುವಾಗಲೇ ಮುಗಿದಿತ್ತು. ದಫನಿನ ದಿನ ಮೇದಪ್ಪಣ್ಣ ಮಸೀದಿಯ ಕಾಂಪೌಂಡಿನ ಹೊರಗೆ ಬಿಸಿಲಿನಲ್ಲಿ ನಿಂತೇ ಇದ್ರು. ಕೂತುಕೊಳ್ಳಿ ಅಂತ ಯಾರೋ ಕುರ್ಚಿ ತಂದು ಕೊಟ್ರು. ಕೂರಲಿಲ್ಲ.

ಅಬೂಬಕರನ ಹೆಂಡತಿ ಅಲೀಮಮ್ಮ ಇದ್ದತ್ ಕೂತರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಚಿಲ್ಲರೆ ಅವರಲ್ಲಿ ಹೆಂಗಸರು ಮನೆ ಬಿಟ್ಟು ಹೊರಗೆ ಹೋಗುದಿಲ್ಲ, ಹೊರಗಿನ ಗಂಡಸರ ಮುಖ ನೋಡುದಿಲ್ಲ. ಮೇದಪ್ಪಣ್ಣನಿಗೆ ಅದು ಗೊತ್ತುಂಟು. ಹೊಳೆ ಬದಿಗೆ ಹೋದ್ರೂ ಪೊಯ್ಯೆಗುಡ್ಡೆಯ ಅಂಗಳದ ಕಡೆ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಜಯಪ್ರಕಾಶ್ ಬಂದ. ಬಾಳಿಕೆ ಮನೆಯವ, ಕಟ್ಟದ ಸಮಿತಿಯ ಕಾರ್ಯದರ್ಶಿ, ಹೈಸ್ಕೂಲಿನಲ್ಲಿ ಮಾಸ್ಟ್ರು.

"ಮೇದಪ್ಪಣ್ಣ, ಅಬ್ಬುಕಾಕನ ನಂಬರ್ ಗ್ರೂಪಿನಲ್ಲಿ ಹಾಗೇ ಉಂಟಲ್ಲ. ತೆಗೆಯುದಾ?"

"ತೆಗೆದ್ರೆ ಅಲ್ಲಿ ಎಂತ ಬರ್ತದೆ ಗೊತ್ತುಂಟಾ ನಿನಗೆ?"

"ಎಂತ?"

"ಮೇದಪ್ಪ ಅಬೂಬಕರನ್ನು ತೆಗೆದ್ರು ಅಂತ ಬರ್ತದೆ. ಎಲ್ಲರ ಮೊಬೈಲಿಗೂ ಹೋಗ್ತದೆ. ಸೌದಿಯ ದಮ್ಮಾಮಿಗೂ ಹೋಗ್ತದೆ. ನನ್ನ ಹೆಸರು, ಅವನ ಹೆಸರು, ನಡುವೆ ಆ ಮಾತು. ನನ್ನಿಂದ ಆಗುದಿಲ್ಲ. ನನ್ನ ಮೊಬೈಲ್ ಒತ್ತಿ ನೀನು ತೆಗೆದೆಯಾ, ಮತ್ತೆ ನನ್ನ ಜಾಗಕ್ಕೆ ಕಾಲಿಡ್ಬೇಡ."

ಜಯಪ್ರಕಾಶ್ ಮತ್ತೆ ಆ ಸುದ್ದಿಗೆ ಹೋಗಲಿಲ್ಲ. ನಂಬರ್ ಅಲ್ಲೇ ಉಳೀತು.

ಕಟ್ಟದ ಮೀಟಿಂಗ್ ಯಾವಾಗಲೂ ಶುಕ್ರವಾರ, ಜುಮಾ ನಮಾಜು ಬಿಟ್ಟು ಊಟ ಆದ ಮೇಲೆ. ಸೌದಿಯಲ್ಲಿದ್ದವರಿಗೂ ಆ ದಿನ ರಜೆ. ಜಾಗ ಹಾಲಿನ ಸೊಸೈಟಿಯ ಜಗಲಿ, ಯಾಕಂದ್ರೆ ಈಚೆ ದಡದಲ್ಲಿ ನೆಟ್‌ವರ್ಕ್ ಸಿಗುದು ಅಲ್ಲಿ ಮಾತ್ರ. ಈ ಸಲ ಹೊಳೆ ಬೇಗ ಇಳಿದಿತ್ತು. ಇನ್ನು ತಡ ಮಾಡಿದ್ರೆ ನಿಲ್ಲಿಸ್ಲಿಕ್ಕೆ ನೀರೇ ಇರುದಿಲ್ಲ.

ಜಯಪ್ರಕಾಶ್ ಮೊಬೈಲನ್ನು ಹಾಲಿನ ಕ್ಯಾನಿನ ಮುಚ್ಚಳಕ್ಕೆ ಒರಗಿಸಿ ಮೇಜಿನ ಮೇಲೆ ಇಟ್ಟ. ಗ್ರೂಪಿಗೆ ಕಾಲ್ ಒತ್ತಿದ. ಅದು ಒತ್ತಿದ್ರೆ ಗ್ರೂಪಿನಲ್ಲಿ ಇರುವ ಎಲ್ಲರಿಗೂ ಒಟ್ಟಿಗೇ ರಿಂಗ್ ಹೋಗ್ತದೆ. ಮೇಜಿನ ಸುತ್ತ ಕೂತವರ ಕಿಸೆಗಳೆಲ್ಲ ಒಮ್ಮೆಗೇ ಬಡ್ಕೊಂಡವು.

"ನಿಮ್ಮದು ಕಟ್ ಮಾಡಿ, ನಿಮ್ಮದು ಕಟ್ ಮಾಡಿ," ಜಯಪ್ರಕಾಶ್ ಬೊಬ್ಬೆ ಹಾಕಿದ. "ದೂರ ಇರುವವರಿಗೆ ಮಾತ್ರ ಮಾರಾಯ್ರೆ."

"ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ," ಅಂತ ಮುಚ್ಚಳದ ಬುಡದಿಂದ ಸ್ವರ ಬಂತು. ನೂಜಿ ಮನೆಯ ಸಲಾಂ, ದಮ್ಮಾಮಿನಿಂದ.

"ಊಟ ಆಯ್ತಾ ಸಲಾಂ?" ಮೇದಪ್ಪಣ್ಣ ಕೂಗಿದ್ರು.

"ಆಯ್ತು. ಮೇದಪ್ಪಣ್ಣ, ಸ್ವಲ್ಪ ದೂರ ನಿಂತು ಮಾತಾಡಿ. ಇಲ್ಲಿ ರೂಮಿನವರು ಎದ್ದು ಕೂತ್ರು."

ಜನ ನಕ್ಕರು. ಮೇದಪ್ಪಣ್ಣ ನಗಲಿಲ್ಲ. ಅವರ ಕಣ್ಣು ಹಕೀಮನ ಮೇಲೆ ಇತ್ತು. ಹಕೀಮ್ ಅಂದ್ರೆ ಅಲೀಮಮ್ಮನ ತಮ್ಮ, ಆಲಂಕಾರಿನಲ್ಲಿ ಅಂಗಡಿ. ಕಟ್ಟದ ಮೀಟಿಂಗಿಗೆ ಅವನು ಯಾವತ್ತೂ ಬಂದವನಲ್ಲ. ಬಂದು ಬಾಗಿಲ ಹತ್ರ ಕೂತಿದ್ದ.

ಅವನೇ ಶುರು ಮಾಡಿದ. "ಮೇದಪ್ಪ ಗೌಡ್ರೆ, ಒಂದು ಮಾತು. ಈ ವರ್ಷ ಪೊಯ್ಯೆಗುಡ್ಡೆಯನ್ನು ಬಿಟ್ಟುಬಿಡಿ. ಭಾವ ಇಲ್ಲ. ಅಕ್ಕ ಇದ್ದತ್ ಕೂತಿದ್ದಾಳೆ. ಜನ ಬರುದು, ತೋಟದೊಳಗೆ ಕಲ್ಲು ಹೊರುದು, ಅಂಗಳದಲ್ಲಿ ಚಾ ಕುಡಿಯುದು, ಇದೆಲ್ಲ ಅವಳಿಗೆ ಈಗ ಯಾಕೆ? ನಾನು ತಕರಾರು ಮಾಡುದಲ್ಲ. ಅವಳಿಗೆ ತಲೆಬಿಸಿ ಬೇಡ ಅಂತ."

ಹೇಳಿದ್ದರಲ್ಲಿ ಕಪಟ ಇರಲಿಲ್ಲ. ಅದೇ ಕಷ್ಟ ಆದದ್ದು. ಕಪಟ ಇದ್ರೆ ಮೇದಪ್ಪಣ್ಣ ಅಲ್ಲಿಯೇ ಎರಡು ಬಿಡ್ತಿದ್ರು.

"ಪೊಯ್ಯೆಗುಡ್ಡೆ ಬಿಟ್ಟು ಕಟ್ಟದ ಆಚೆ ತಲೆಯನ್ನು ಆಕಾಶಕ್ಕೆ ಕಟ್ಟುದಾ?" ಅಂದ ಜಯಪ್ರಕಾಶ್.

ಮುಚ್ಚಳದ ಬುಡದಿಂದ ಸಲಾಂ ಮಾತಾಡಿದ. "ನಾನು ಹೇಳುದು ಕೇಳಿ. ಎಷ್ಟು ವರ್ಷ ಅಂತ ಕಲ್ಲು ಹೊರುದು? ಕೆಲಸಕ್ಕೆ ಜನ ಎಲ್ಲಿದ್ದಾರೆ? ಒಬ್ಬೊಬ್ಬರು ಒಂದೊಂದು ಬೋರ್ ತೆಗೆಸುವ. ಯಾರಿಗೂ ಯಾರ ಹಂಗಿಲ್ಲ."

"ಅದೂ ಸರಿಯೇ," ಅಂತ ಒಬ್ಬ. "ಎಷ್ಟಾದ್ರೂ ಒಂದು ದಿನ ಬೋರಿಗೇ ಹೋಗ್ಬೇಕಲ್ಲ," ಅಂತ ಇನ್ನೊಬ್ಬ.

ಈ ವರ್ಷ ಕಟ್ಟ ತಪ್ಪಿದ್ರೆ ಮತ್ತೆ ಇಲ್ಲ, ಅದು ಮೇದಪ್ಪಣ್ಣನಿಗೆ ಗೊತ್ತು. ಎಲ್ಲರ ಮನೆ ಹಿಂದೆ ಒಂದೊಂದು ಬೋರ್ ಬಿದ್ದ ಮೇಲೆ ಹೊಳೆ ಬದಿಗೆ ಯಾರು ಬರ್ತಾರೆ? ಮನೆ ಯಾರು ಕರೀತಾರೆ? ಈಚೆಯವರು ಈಚೆಗೆ, ಆಚೆಯವರು ಆಚೆಗೆ. ಇವತ್ತಿನ ಕಾಲ ಹೇಗುಂಟು ಅಂತ ನಿಮಗೆ ಹೇಳ್ಬೇಕಾ? ದಡ ಒಮ್ಮೆ ಬೇರೆ ಆದ್ರೆ ಮತ್ತೆ ಸೇರುವ ಸಮಯ ಅಲ್ಲ ಇದು.

ಎದ್ದು ನಿಂತರು. "ಅಬ್ಬು ಇದ್ದಿದ್ರೆ ಈ ಮಾತೇ ಬರ್ತಿರಲಿಲ್ಲ. ಕಟ್ಟಕ್ಕೆ ನನ್ನ ಅಪ್ಪ ನೋಡಿ ಇಟ್ಟ ಜಾಗ ಅದು. ಅಂದಿನಿಂದ ಇಂದಿನವರೆಗೆ ಆಚೆ ದಡದಿಂದ ಒಂದು ತಕರಾರು ಬಂದದ್ದು ತೋರಿಸಿ ನೋಡುವ. ಒಂದೇ ಒಂದು. ಕರೆದಾಗೆಲ್ಲ ಉಂಟು ಅಂದ ಮನೆ ಅದು."

"ಅಂದವರು ಅಬ್ಬುಕಾಕ," ಅಂತ ಮೂಲೆಯಿಂದ ವಾಸಂತಿ ಹೇಳಿದ್ರು. ಅಗರಿ ಮನೆಯ ವಾಸಂತಿ, ಸೊಸೈಟಿಗೆ ಹಾಲು ಹಾಕುವವರು. ಮೀಟಿಂಗಿಗೆ ಬರುವ ಹೆಂಗಸು ಅವರೊಬ್ಬರೇ. "ಅಲೀಮಮ್ಮನ ಹತ್ರ ಯಾರಾದ್ರೂ ಕೇಳಿದ್ದೀರಾ?"



"ಇದ್ದತ್ ಕೂತವರ ಹತ್ರ ಹೋಗಿ ಕೇಳುದು ಮರ್ಯಾದೆಯಾ ವಾಸಂತಿ?" ಅಂದ್ರು ಮೇದಪ್ಪಣ್ಣ.

"ನೀವು ಹೋಗುದು ಬೇಡ. ನನ್ನ ಹತ್ರ ಹೇಳಿದ್ರೆ ನಾನು ಹೋಗ್ತಿದ್ದೆ. ವಾರಕ್ಕೊಮ್ಮೆ ಹೋಗಿ ಬರ್ತೇನೆ. ನೀವೆಲ್ಲ ಸೇರಿ ಮರ್ಯಾದೆ ಕೊಟ್ಟು ಕೊಟ್ಟು ಆ ಮನೆಯಲ್ಲಿ ಜನವೇ ಇಲ್ಲ ಅನ್ನುವ ಹಾಗೆ ಮಾಡಿದ್ದೀರಿ."

"ಗಂಡಸು ಇಲ್ಲದ ಮನೆ, ಅಲ್ಲಿ ಎಂತ ಕೇಳ್ಲಿಕ್ಕುಂಟು," ಅಂತ ಹಿಂದಿನಿಂದ ಯಾರೋ ಗೊಣಗಿದ.

ವಾಸಂತಿ ಅವನಿಗೆ ಉತ್ತರ ಕೊಡ್ಲಿಕ್ಕೆ ಬಾಯಿ ತೆಗೆದವರು ಹಾಗೇ ನಿಂತರು. ಕಣ್ಣು ಮೇಜಿನ ಮೇಲೆ. "ಜಯಪ್ರಕಾಶಾ... ಮೊಬೈಲಿನಲ್ಲಿ ಇದು ಯಾರದ್ದು ಪಟ?"

ಜಯಪ್ರಕಾಶ್ ಬಗ್ಗಿ ನೋಡಿದ. ಮೇದಪ್ಪಣ್ಣ ಕಿಸೆಯಿಂದ ಕನ್ನಡಕ ತೆಗೆದು ಹಾಕ್ಕೊಂಡು ಹತ್ರ ಹೋದ್ರು. ಸಲಾಮನ ಪಟದ ಕೆಳಗೆ ಇನ್ನೊಂದು. ಬಿಳಿ ಟೊಪ್ಪಿ, ಎದುರಿನ ಒಂದು ಹಲ್ಲು ಇಲ್ಲದ ನಗು. ಕಟ್ಟದ ಮೇಲೆ ನಿಂತು ತೆಗೆಸಿದ ಪಟ. ಅಬೂಬಕರ್. ಫೋನ್ ಕಾಲಿನಲ್ಲಿ ಇದ್ದಾನೆ ಅಂತ ತೋರಿಸ್ತಾ ಉಂಟು.

ಗ್ರೂಪಿಗೆ ರಿಂಗ್ ಹೋಗುವಾಗ ಆ ನಂಬರಿಗೂ ಹೋಗಿದೆ. ಆಚೆಯಿಂದ ಯಾರೋ ತೆಗೆದಿದ್ದಾರೆ. ಜಗಲಿಯಲ್ಲಿ ಆಡಿದ್ದೆಲ್ಲ ಮೊದಲಿನಿಂದ ಕೇಳಿದ್ದಾರೆ.

ಒಂದು ಸಣ್ಣ ಕೆಮ್ಮು ಬಂತು.

"ಹಕೀಮಾ," ಅಂತ ಸ್ವರ.

ಹಕೀಮ್ ಕೂತಲ್ಲಿಂದ ಎದ್ದೇ ಬಿಟ್ಟ. "ಅಕ್ಕಾ! ಫೋನ್ ಇಡು ನೀನು."

"ಇಡುದಿಲ್ಲ. ಇದ್ದತ್ ಕೂತದ್ದು ನಾನು. ನನ್ನ ಬಾವಿ ಕೂತದ್ದಲ್ಲ." ಅಲೀಮಮ್ಮನ ಸ್ವರ ಗಟ್ಟಿ ಇರಲಿಲ್ಲ, ಆದ್ರೆ ಒಂದೊಂದೇ ಮಾತು ಇಟ್ಟ ಹಾಗೆ ಬರ್ತಿತ್ತು. "ಮಸೀದಿಯ ಉಸ್ತಾದರ ಹೆಂಡತಿಯ ಹತ್ರ ಕೇಳಿಸಿದ್ದೇನೆ. ಅಗತ್ಯದ ಮಾತು ಆಡಬಹುದಂತೆ. ನೀನು ನನಗೆ ಒಳ್ಳೇದಾಗ್ಲಿ ಅಂತಲೇ ಹೇಳಿದ್ದು, ನನಗೆ ಗೊತ್ತುಂಟು. ಕೂತುಕೋ."

ಹಕೀಮ್ ಕೂತ.

"ಅವರ ಫೋನನ್ನು ದಿನಾ ಚಾರ್ಜಿಗೆ ಇಡ್ತೇನೆ. ಅವರು ಹೋದದ್ದು ಗೊತ್ತಿಲ್ಲದವರು ಯಾರಾದ್ರೂ ಮಾಡಿದ್ರೆ ಹೇಳ್ಬೇಕಲ್ಲ ಅಂತ. ಇವತ್ತು ಕಟ್ಟ ಅಂತ ಹೆಸರು ಬಂತು. ಫೌಝಿಯಾ ತೆಗೆದು ನನ್ನ ಕೈಗೆ ಕೊಟ್ಟಳು." ಫೌಝಿಯಾ ಅಂದ್ರೆ ಮಗಳು. "ನಾನು ಕದ್ದು ಕೇಳಿದ್ದಲ್ಲ. ನೀವು ಕರೆದಿರಿ, ನಾನು ಬಂದೆ."

ಹಿಂದಿನಿಂದ ಗೊಣಗಿದವ ಚಪ್ಪಲಿ ನೋಡ್ಕೊಂಡು ಕೂತಿದ್ದ.

"ಮೇದಪ್ಪಣ್ಣ ಇದ್ದೀರಾ?"

"ಇದ್ದೇನೆ." ಈ ಸಲ ಕೂಗಲಿಲ್ಲ ಅವರು.

"ಆಚೆ ದಡದಿಂದ ತಕರಾರು ಬಂದದ್ದು ತೋರಿಸಿ ಅಂದ್ರಿ. ತೋರಿಸ್ತೇನೆ. ಪ್ರತಿ ಮಳೆಗಾಲವೂ ಬಂದಿದೆ. ನಮ್ಮ ಅಡಿಗೆ ಕೋಣೆವರೆಗೆ ಬಂದಿದೆ, ನಿಮ್ಮವರೆಗೆ ಬರ್ಲಿಲ್ಲ. ಕಟ್ಟ ಒಡೆಯುವಾಗ ನೀರು ಒಮ್ಮೆ ಸುತ್ತು ಹಾಕಿ ನಮ್ಮ ದಡಕ್ಕೇ ಹೊಡೆಯುದು. ನಾನು ಮದುವೆಯಾಗಿ ಬಂದಾಗ ಬಟ್ಟೆ ಒಗೆಯುವ ಕಲ್ಲಿನಿಂದ ಆಚೆಗೂ ನಮ್ಮ ಜಾಗ ಇತ್ತು. ಕಲ್ಲು ಹೋಯ್ತು. ಅದರ ಹಿಂದಿನ ತೆಂಗು ಹೋಯ್ತು. ಈಗ ಬಚ್ಚಲಿನ ಗೋಡೆ ಬಿರಿದಿದೆ. ಅವರು ಪ್ರತಿ ವರ್ಷ ದಡಕ್ಕೆ ಕೆಂಪು ಮುರಕಲ್ಲು ತಂದು ತುಂಬಿಸುದು, ಹೊಳೆ ಪ್ರತಿ ವರ್ಷ ಕೊಂಡು ಹೋಗುದು."

"ಅಬ್ಬು ನನ್ನ ಹತ್ರ ಹೇಳಲೇ ಇಲ್ಲ," ಅಂದ್ರು ಮೇದಪ್ಪಣ್ಣ.

"ಹೇಳಿ ಅಂತ ನಾನು ಎಷ್ಟು ಸಲ ಜಗಳ ಮಾಡಿದ್ದೇನೆ. ಆ ಜಾಗ ಮೇದಪ್ಪಣ್ಣನ ಅಪ್ಪ ನೋಡಿ ಇಟ್ಟದ್ದು, ಅವರಿಗೆ ಬೇಜಾರಾಗ್ತದೆ ಅನ್ನುದು. ನೀವು ಕೂಗಿದ ಕೂಡ್ಲೇ ಓಡಿ ಹೋಗಿ ಉಂಟು ಅನ್ನುದು. ಒಳಗೆ ಬಂದು ಸುಮ್ಮನೆ ಕೂರುದು."

ಮೇದಪ್ಪಣ್ಣ ಮೇಜಿನ ಅಂಚು ಹಿಡ್ಕೊಂಡ್ರು. ಆಚೆ ದಡದಲ್ಲಿ ಕೈ ಎತ್ತಿ ಉಂಟು ಅಂತಿದ್ದ ಅಬೂಬಕರ್ ಅವರ ಕಣ್ಣಿಗೆ ಕಟ್ಟಿದ ಹಾಗೆ ಇದ್ದ. ಅವನು ಮತ್ತೆ ತಿರುಗಿ ಒಳಗೆ ಹೋದದ್ದನ್ನು ಅವರು ಒಂದು ದಿನವೂ ನೋಡಿರಲಿಲ್ಲ. ನೋಡ್ಬೇಕು ಅಂತ ಆಗಿರಲೂ ಇಲ್ಲ. ಈಚೆಯಿಂದ ಕಾಣುದು ಮನುಷ್ಯ ಮಾತ್ರ, ಅವನ ಕಾಲ ಬುಡದ ಮಣ್ಣು ಕಾಣುದಿಲ್ಲ.

"ಕಟ್ಟ ಬೇಡ ಅಂತ ನಾನು ಹೇಳುದಿಲ್ಲ," ಅಲೀಮಮ್ಮ ಮುಂದುವರಿಸಿದ್ರು. "ಬೋರೂ ಬೇಡ. ನಮ್ಮ ಬಾವಿಗೂ ಆ ನೀರೇ. ಆದ್ರೆ ಕೆಳಗೆ ಪಾದೆಯ ಹತ್ರ ಕಟ್ಟಿ. ಅಲ್ಲಿ ನಮ್ಮ ಬದಿಗೆ ಬಂಡೆ ಉಂಟು."

ಜಗಲಿಯಲ್ಲಿ ಒಂದು ಗುಜುಗುಜು ಎದ್ದು ಅಲ್ಲೇ ಅಡಗಿತು. ಪಾದೆ ಅಂದ್ರೆ ಆ ದೊಡ್ಡ ಬಂಡೆ. ಅದರ ಹತ್ರ ಹೊಳೆ ಈಚೆಗೆ ತಿರುಗ್ತದೆ. ಅಲ್ಲಿ ಕಟ್ಟಿದ್ರೆ ಒಡೆಯುವಾಗ ನೀರು ಹೊಡೆಯುದು ಕುಂಟಿಕಾನದ ದಡಕ್ಕೆ. ಆ ದಡದಲ್ಲಿ ಒಂದು ತೆಂಗು ಉಂಟು. ಮೇದಪ್ಪಣ್ಣನ ಹೆಂಡತಿ ಕುಮುದಿನಿಯನ್ನು ಸುಟ್ಟ ಜಾಗದಲ್ಲಿ ಅವರೇ ನೆಟ್ಟದ್ದು. ಅದರ ಕಾಯಿ ಅವರು ಮಾರುದಿಲ್ಲ, ಮನೆಯಲ್ಲಿ ಪದಾರ್ಥಕ್ಕೂ ಹಾಕುದಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯ. ಯಾರೂ ಬಾಯಿ ಬಿಡಲಿಲ್ಲ.

ಅಲೀಮಮ್ಮನೇ ಬಿಟ್ರು. "ಅಲ್ಲಿ ಎಂತ ಉಂಟು ಅಂತ ನನಗೆ ಗೊತ್ತುಂಟು ಮೇದಪ್ಪಣ್ಣ. ಕುಮುದಿನಿ ಅಕ್ಕನ ತೆಂಗು. ಹೊಳೆಯಲ್ಲಿ ಬಟ್ಟೆ ಒಗೆಯುವಾಗ ನಾವಿಬ್ಬರು ಎಷ್ಟು ಮಾತಾಡಿದ್ದೇವೆ. ಗೊತ್ತಿದ್ದೇ ಕೇಳ್ತಾ ಇದ್ದೇನೆ. ಇಲ್ಲ ಅಂತಾದ್ರೆ ಇಲ್ಲ ಅನ್ನಿ. ಅವರ ಹಾಗೆ ಬೇಜಾರಾಗ್ತದೆ ಅಂತ ಒಳಗೆ ಇಟ್ಟುಕೊಳ್ಬೇಡಿ. ನನಗೆ ಇಟ್ಟುಕೊಂಡವರನ್ನು ನೋಡಿ ಸಾಕಾಗಿದೆ."

ಮೇದಪ್ಪಣ್ಣ ಹೊರಗೆ ನೋಡಿದ್ರು. ಸೊಸೈಟಿಯ ಎದುರು ಒಂದು ಜೀಪು ಬಂತು, ತಿರುಗಿಸ್ತು, ಹೋಯ್ತು. ದಮ್ಮಾಮಿನಲ್ಲಿ ಯಾವುದೋ ಫ್ಯಾನ್ ತಿರುಗುವ ಶಬ್ದ ಮೊಬೈಲಿನಲ್ಲಿ ಬರ್ತಾ ಇತ್ತು.

"ತೆಂಗಿನ ಬುಡಕ್ಕೆ ಮುರಕಲ್ಲು ಕಟ್ಟಬಹುದು," ಅಂದ್ರು ಕೊನೆಗೆ, ತಮ್ಮಷ್ಟಕ್ಕೇ ಹೇಳಿದ ಹಾಗೆ.

"ಕಟ್ಟಬಹುದು. ನಮ್ಮವರೂ ಕಟ್ಟಿದ್ರು. ನಿಲ್ತದೆ ಅಂತ ನಾನು ಹೇಳುದಿಲ್ಲ."

"ಹೌದು. ಹೇಳ್ಬೇಡಿ."

ಕನ್ನಡಕ ತೆಗೆದು ಕಿಸೆಗೆ ಹಾಕಿದ್ರು. ಬೆನ್ನು ನೆಟ್ಟಗೆ ಮಾಡಿ ನಿಂತರು. ಅವರು ಹಾಗೆ ನಿಂತ್ರೆ ಎಂತ ಬರ್ತದೆ ಅಂತ ಅಲ್ಲಿದ್ದವರಿಗೆ ಗೊತ್ತು. ಕೂತವರೆಲ್ಲ ಎದ್ದರು.

"ಪಾದೆಯ ಕಟ್ಟಕ್ಕೆ ಮನೆ ಕರೀತೇನೆ," ಅಂದ್ರು. "ಅಗರೀ..."

"ಉಂಟು," ಅಂದ್ರು ವಾಸಂತಿ.

"ಬಾಳಿಕೇ..."

"ಉಂಟು," ಅಂದ ಜಯಪ್ರಕಾಶ್.

"ನೂಜೀ..."

ಮೊಬೈಲ್ ಸ್ವಲ್ಪ ಹೊತ್ತು ಸುಮ್ಮನಿತ್ತು. ನೆಟ್‌ವರ್ಕ್ ಹೋಯ್ತೋ ಏನೋ ಅಂತ ಆಯ್ತು. ಆಮೇಲೆ ಸಲಾಂ, "ಉಂಟು ಮೇದಪ್ಪಣ್ಣ," ಅಂದ. ಬೋರಿನ ಸುದ್ದಿ ಎತ್ತಲಿಲ್ಲ.

ಒಂದೊಂದಾಗಿ ಉಳಿದ ಮನೆಗಳೂ ಆದವು. ಇನ್ನು ಆಚೆ ದಡದ ಆ ಒಂದು ಮನೆ. ಹಕೀಮ್ ತಲೆ ತಗ್ಗಿಸಿ ನಿಂತಿದ್ದ. ಮೇದಪ್ಪಣ್ಣ ಅವನ ಕಡೆ ನೋಡಲಿಲ್ಲ. ಮೇಜಿನ ಹತ್ರ ಬಂದು ಆ ಟೊಪ್ಪಿಯ ಪಟಕ್ಕೆ ಮುಖ ಮಾಡಿ ನಿಂತು ಕರೆದ್ರು.

"ಪೊಯ್ಯೆಗುಡ್ಡೇ..."

"ಉಂಟು," ಅಂದ್ರು ಅಲೀಮಮ್ಮ.

ಅಲ್ಲಿಗೆ ಎಲ್ಲ ಮನೆಗಳೂ ಆದವು, ಒಂದು ಬಿಟ್ಟು. ಕುಂಟಿಕಾನ. ಅದನ್ನು ಕರೆಯುವವ ಮಣ್ಣಿನಡಿ ಮಲಗಿದ್ದ. ಜಯಪ್ರಕಾಶ್ ಒಮ್ಮೆ ಬಾಯಿ ತೆಗೆದ, ತನ್ನದಲ್ಲ ಅಂತ ಆಯ್ತೋ ಏನೋ, ಮುಚ್ಚಿದ. ಮೇದಪ್ಪಣ್ಣ ನಿಂತೇ ಇದ್ರು. ಸ್ವಂತ ಮನೆಯ ಹೆಸರು ತಾವೇ ಕರೆಯುದು ಅವರಿಂದ ಆಗುವ ಕೆಲಸ ಅಲ್ಲ.

ಆಗ ಮುಚ್ಚಳದ ಬುಡದಿಂದ, ಕೂಗಿ ಅಭ್ಯಾಸ ಇಲ್ಲದ ಸ್ವರ ಎಳೆದು ಕರೆಯಿತು.

"ಕುಂಟಿಕಾನಾ..."

ಮೇದಪ್ಪಣ್ಣ "ಉಂಟು" ಅಂದ್ರು. ಪಕ್ಕದಲ್ಲಿ ನಿಂತವರಿಗೂ ಸರಿ ಕೇಳಲಿಲ್ಲ.

"ಕೇಳುದಿಲ್ಲ ಮೇದಪ್ಪಣ್ಣ," ಅಂದ್ರು ಅಲೀಮಮ್ಮ. "ಅವರಿಗೆ ಹೇಳುವ ಹಾಗೆ ಹೇಳಿ."

ಮೇದಪ್ಪಣ್ಣ ಎರಡೂ ಅಂಗೈಯನ್ನು ಬಾಯಿಯ ಆಚೆ ಈಚೆ ಹಿಡಿದ್ರು. ಕಣ್ಣು ಮುಚ್ಚಿ ಹೊಳೆ ದಾಟುವ ಹಾಗೆ ಕೂಗಿದ್ರು. ಮೇಜಿನ ಮೇಲೆ ಹಾಲಿನ ಕ್ಯಾನಿನ ಮುಚ್ಚಳ ಗಣಗಣ ಅಂತು.